ಒಳಗಿನಿಂದ ಚಿಲಕ ಹಾಕಿಕೊಂಡ ಹೊಲ

"ಈ ಸಲ ಎಳ್ಳಮಾಸಿಗಿ ನಾವ್ ಯಾರ ಹೊಲಕ್ಕೂ ಹೋಗಂಗಿಲ್ಲ. ಹೊಲಾನೇ ನಮ್ಮ ಮನೀಗಿ ಬರ್ತದ!"

ಮುಂಬಯಿಯ ಭಾಂಡುಪಿನ ಗುಡ್ಡದ ಮೇಲಿನ ಚಾಳಿನಲ್ಲಿ, ಚಹಾದ ಬಟ್ಟಲನ್ನು ನೆಲಕ್ಕೆ ಕುಕ್ಕಿ ನಿಂಗಣ್ಣ ಹೀಗೆ ಘೋಷಿಸಿದಾಗ ಅವನ ಹೆಂಡತಿ ಹಾಲವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಲ್ಲಲಿಲ್ಲ. ಮದುವೆಯಾದಂದಿನಿಂದ ಇಂಥ ಘೋಷಣೆಗಳನ್ನು ಕೇಳಿ ಕೇಳಿ ಅವಳ ಕಿವಿ ಪಳಗಿತ್ತು.

"ನಡ್ಕೋತ ಬರ್ತದೋ, ಲೋಕಲ್ ಹಿಡ್ದು ಬರ್ತದೋ?" ಎಂದಳು.

ನಗುವ ಮಾತಲ್ಲ, ಇದರ ಹಿಂದೆ ಒಂದು ಅವಮಾನವಿತ್ತು. ಕಲಬುರಗಿ ಕಡೆಯವರಾದ ಇವರಿಗೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಹೊಲದ ಹಬ್ಬ. ಕಡಬು, ಸಜ್ಜಿ ರೊಟ್ಟಿ, ಸೊಪ್ಪು-ಕಾಳು ಬೆರೆಸಿ ಬೇಯಿಸಿದ ಭಜ್ಜಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು, ನಿಂತ ಬೆಳೆಯ ನಡುವೆ ಆ ಅಡುಗೆಯನ್ನು ಭೂಮಿತಾಯಿಗೆ ಚೆಲ್ಲಬೇಕು. ಅದೇ ಚರಗ. ಆಮೇಲೆ ಅಲ್ಲೇ ಕೂತು ಉಣ್ಣಬೇಕು. ಮುಂಬಯಿಯಲ್ಲಿ ಕಡಬು ಸಿಗುತ್ತದೆ, ಸಜ್ಜಿ ಸಿಗುತ್ತದೆ, ಹೊಲ ಎಲ್ಲಿಂದ ಬರಬೇಕು? ಚಾಳಿನಲ್ಲಿದ್ದ ತಮ್ಮೂರ ಕಡೆಯವರೆಲ್ಲ ಸೇರಿ ಒಂದು ಬಗೀಚೆಯ ಮೂಲೆಯಲ್ಲಿ ಹೇಗೋ ಸುಧಾರಿಸುತ್ತಿದ್ದರು. ಹೋದ ವರ್ಷ ಹಾಲವ್ವ ಚರಗದ ತಾಟು ಎತ್ತಿದ್ದೇ ತಡ, ಬಗೀಚೆಯ ವಾಚ್‌ಮನ್ ಸೀಟಿ ಊದುತ್ತ ಓಡಿ ಬಂದಿದ್ದ. "ಏಯ್ ಬಾಯೀ, ಇಧರ್ ಕಚರಾ ನಹೀಂ ಡಾಲ್ನೇ ಕಾ!"

ಚರಗಕ್ಕೆ ಕಚರಾ, ಕಸ ಅಂದನಲ್ಲ! ಹಾಲವ್ವ ರಿಕ್ಷಾದಲ್ಲಿ ಮನೆ ಮುಟ್ಟುವ ತನಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದಳು. ಆ ಸೀಟಿ ವರ್ಷವಿಡೀ ನಿಂಗಣ್ಣನ ಕಿವಿಯಲ್ಲೇ ಕೂಗುತ್ತಿತ್ತು.

ನಿಂಗಣ್ಣನ ಕಸುಬು ಕಿಟಕಿ ಕೂಡಿಸುವುದು. ಸರಿದಾಡುವ ಗಾಜಿನ ಕಿಟಕಿ. ಘಾಟ್ಕೋಪರಿನ ಯಾವ ಎತ್ತರದ ಬಿಲ್ಡಿಂಗು ಕಂಡರೂ ಲೋಕಲಿನ ಬಾಗಿಲಲ್ಲಿ ನಿಂತು ಬೊಟ್ಟು ಮಾಡಿ ತೋರಿಸುತ್ತಿದ್ದ. "ಅಲ್ನೋಡು, ನನ್ನ ಕಿಡಕಿ! ನಾ ಕೂಡ್ಸಿದ ಕಿಡಕಿ ಒಳಗ ಸೊಳ್ಳಿ ಬಿಡು, ಗಾಳಿ ಭಿ ನುಸುಳಂಗಿಲ್ಲ." ಪಕ್ಕದಲ್ಲಿ ನಿಂತವರು ಕೇಳಿರದಿದ್ದರೂ ಹೇಳುತ್ತಿದ್ದ.

ಅಂಥವನ ಕಣ್ಣಿಗೆ ಒಂದು ದಿನ ಫೋನಿನಲ್ಲಿ ಒಂದು ವಿಡಿಯೋ ಬಿತ್ತು. ಯಾವುದೋ ದೇಶದ ಬಿಳಿ ಗಡ್ಡದವನೊಬ್ಬ ಮೊಣಕಾಲುದ್ದ ಹಿಮದಲ್ಲಿ ನಿಂತಿದ್ದಾನೆ. ಮುಂದೊಂದು ಹಲಗೆಯ ಪೆಟ್ಟಿಗೆ, ಅದರ ಮೇಲೆ ಹಳೆಯ ಕಿಟಕಿ. ಕಿಟಕಿ ಎತ್ತಿದರೆ ಒಳಗೆ ಹಚ್ಚ ಹಸಿರು ಸೊಪ್ಪು! ನಿಂಗಣ್ಣ ಕೂತಲ್ಲಿಂದ ಎದ್ದುಬಿಟ್ಟ. ಕಿಟಕಿ! ಲೋಕದಲ್ಲಿ ಬೆಳೆ ಬೆಳೆಯಲು ಬೇಕಾದದ್ದು ಮಳೆಯಲ್ಲ, ಎತ್ತಲ್ಲ, ಕಿಟಕಿ!

ಕಾಲೇಜಿಗೆ ಹೋಗುವ ಮಗಳು ಶೀತಲ್ ಬಗ್ಗಿ ನೋಡಿದಳು. "ಪಪ್ಪಾ, ಇದಕ್ಕ ಕೋಲ್ಡ್ ಫ್ರೇಮ್ ಅಂತಾರ. ಥಂಡ್ಯಾಗ ಗಿಡಾ ಬಚಾವ್ ಮಾಡ್ಲಾಕ. ಔರ್ ಸುನೋ ನಾ, ಬಿಸಿಲಿದ್ರ ಓಪನ್ ಇಡ್ಬೇಕಂತ..."

ಪಪ್ಪ ಆಗಲೇ ಅಳತೆಯ ಟೇಪು ಹಿಡಿದು ಹೊರಗೆ ಹೋಗಿದ್ದ. ಅಂಗಳದಿಂದ ಅವನ ತರ್ಕ ಮಾತ್ರ ಕೇಳಿಬಂತು. "ಹಿಮದಾಗೇ ಇಷ್ಟ್ ಬೆಳೀತದಂದ್ರ ನಮ್ಮ ಭಾಂಡುಪ್ ಬಿಸಿಲಿಗಿ ಎಷ್ಟ್ ಬೆಳೀಬ್ಯಾಡ!"

ಸಾಮಾನಿಗೇನು ಬರ? ರಿಡೆವಲಪ್‌ಮೆಂಟಿಗೆಂದು ಒಡೆಯುತ್ತಿದ್ದ ಹಳೆಯ ಬಿಲ್ಡಿಂಗಿನಿಂದ ಚೌಕಟ್ಟಿನ ಸಮೇತ ಒಂದು ಕಿಟಕಿ ಬಂತು. ಎಸೆದ ಪ್ಲೈವುಡ್ ಪೆಟ್ಟಿಗೆಯಾಯಿತು. ಮನೆಯ ಬಾಗಿಲ ಪಕ್ಕ ಕೆಟ್ಟು ನಿಂತಿದ್ದ ನೀರಿನ ಟಾಕಿಯ ಮೇಲೆ ಪೆಟ್ಟಿಗೆ ಕೂತಿತು. ಎಮ್ಮೆ ತಬೇಲೆಯ ಗೊಬ್ಬರ, ಗುಡ್ಡದ ಮಣ್ಣು, ಮಸಾಲೆ ಡಬ್ಬಿಯ ಮೆಂತ್ಯ, ಬೇಳೆ ಡಬ್ಬಿಯ ಕಡಲೆ. ಕಸುಬುದಾರನ ಕೈ ಸುಮ್ಮನಿರುತ್ತದೆಯೇ? ಪೆಟ್ಟಿಗೆಗೂ ಕಿಟಕಿಯ ಚೌಕಟ್ಟಿಗೂ ನಡುವಿನ ಸಂದಿಗೆಲ್ಲ ಸಿಲಿಕಾನ್ ಅಂಟು ಹಾಕಿ ಬೆರಳಿನಿಂದ ನುಣ್ಣಗೆ ತೀಡಿದ. ಹೊಲಕ್ಕೆ ಸಿಲಿಕಾನ್ ಹಚ್ಚಿದ ಮೊದಲ ರೈತ ಅವನೇ ಇರಬೇಕು.

ಉಳಿದ ಮಣ್ಣು, ಉಳಿದ ಬೀಜ ಹಾಲವ್ವನ ಪಾಲಿಗೆ ಬಂದವು. ಚೆಲ್ಲಲು ಮನಸ್ಸಾಗದೆ ಹರಿದ ಸಿಮೆಂಟು ಚೀಲವೊಂದಕ್ಕೆ ಅವನ್ನು ತುಂಬಿ ಮೋರಿಯ ಪಕ್ಕ ಇಟ್ಟಳು.

"ಅದೇನು ಹಚ್ಚೀದಿ? ಚೀಲದಾಗ ಬೆಳಿ ಬರ್ತದೇನು?" ಎಂದು ನಿಂಗಣ್ಣ ನಕ್ಕ.

"ಇರ್ಲಿ ಬಿಡ್ರಿ. ಅಕ್ಕಿ ತೊಳ್ದ ನೀರು ಹೆಂಗೂ ಚೆಲ್ತೀನಿ."

ಪೆಟ್ಟಿಗೆಯಲ್ಲಿ ಮೊಳಕೆ ಬಂತು. ಎಲೆ ಬಂತು. ನಿಂಗಣ್ಣನಿಗೆ ಕೊಂಬು ಬಂತು! ಟೈಲ್ಸ್ ಕೂಡಿಸುವ, ಶ್ರೀಮಂತ ಎಂಬ ಹೆಸರಿನ ನೆರೆಮನೆಯವನನ್ನು ಕರೆದು ತೋರಿಸಿದ. ಶ್ರೀಮಂತನ ಹೆಂಡತಿ ಗುರುಬಾಯಿಗೆ ತೋರಿಸಿದ. ಗ್ಯಾಸ್ ತಂದವನಿಗೂ ತೋರಿಸಿದ. "ಎಳ್ಳಮಾಸಿ ನಮ್ಮ ಹೊಲದಾಗ! ಎಲ್ಲಾರೂ ಬರ್ಬೇಕು!" ಎಂದು ಚಾಳಿನ ಊರವರಿಗೆಲ್ಲ ಆಮಂತ್ರಣ ಹೋಯಿತು. ತಾನು ದಿನಾ ಕೆಲಸಕ್ಕೆ ಹೋದ ಮೇಲೆ ಹಾಲವ್ವ ಕಿಟಕಿ ಸರಿಸಿ, ತಾನು ಬರುವ ಮೊದಲು ಮುಚ್ಚುತ್ತಾಳೆ ಎಂಬ ಸಂಗತಿ ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಹಬ್ಬದ ಹಿಂದಿನ ದಿನ, ಅವನು ರಜೆ ಹಾಕಿ ಮನೆಯಲ್ಲಿದ್ದಾಗ.

"ಏ ಹಾಲವ್ವ! ಕಿಡಕಿ ಯಾಕ ತೆಗ್ದಿ?"

"ಬಿಸಿಲು ಬಿದ್ದದ. ಬೆಳಿ ಉಸುರಾಡಬ್ಯಾಡೇನ್ರಿ?"

"ನಾ ಇಷ್ಟ್ ಫಿಟ್ ಮಾಡಿ ಕೂಡ್ಸಿದ್ದು ನೀ ತೆರ್ದಿಡ್ಲಾಕೇನು?"

"ತೆರ್ಯಾದಿಲ್ಲಂದ್ರ ಕಿಡಕಿ ಯಾಕ ಬೇಕಿತ್ತು? ಗ್ವಾಡಿ ಕಟ್ಟಬೇಕಿತ್ತು!"

ಕಿಟಕಿಯವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ನಿಂಗಣ್ಣ ಕೆಲಸದ ಚೀಲಕ್ಕೆ ಕೈ ಹಾಕಿ, ಗಾಜು ಸರಿಸಿದರೆ ತಾನೇ ಬೀಳುವ ಹೊಚ್ಚ ಹೊಸ ಚಿಲಕ ತೆಗೆದ. ನಾಳೆ ಮಂದಿ ಬರುತ್ತಾರೆ, ಮಕ್ಕಳು ಕೈ ಹಾಕುತ್ತವೆ, ಬೆಕ್ಕು ಬಾಯಿ ಹಾಕುತ್ತದೆ. ಸ್ಕ್ರೂ ತಿರುವಿ ಚಿಲಕ ಬಿಗಿದು ಗಾಜನ್ನು ಜೋರಾಗಿ ಸರಿಸಿದ. ಟಕ್! ಎಷ್ಟೋ ಬಿಲ್ಡಿಂಗುಗಳಲ್ಲಿ ಕೇಳಿದ ಆ ಸದ್ದಿಗೆ ಅವನ ಎದೆ ಉಬ್ಬಿತು. ಗಡ್ಡ ಮಾಡಿಸಿಕೊಂಡು ಬರುತ್ತೇನೆಂದು ಸಲೂನಿಗೆ ಹೋದ.

ತಿರುಗಿ ಬಂದಾಗ ಸೂರ್ಯ ನೆತ್ತಿಗೆ ಬಂದಿದ್ದ. ಗಾಜು ಮಸುಕಾಗಿತ್ತು. ಅಂಗಿಯ ತುದಿಯಿಂದ ಒರೆಸಿದ. ಮಸುಕು ಹೋಗಲಿಲ್ಲ, ಅದು ಒಳಗಿತ್ತು. ಸರಿಸಿದ. ಗಾಜು ಅಲುಗಲಿಲ್ಲ. ಮತ್ತೆ ಸರಿಸಿದ. ಆಗ ಬಗ್ಗಿ ಚಿಲಕ ಎಲ್ಲಿದೆಯೆಂದು ನೋಡಿದ.

ಕಿಟಕಿಯ ಚಿಲಕ ಯಾವತ್ತೂ ಒಳಗೇ ಇರಬೇಕು ಎಂಬುದು ಅವನ ಕೈಗೆ ಗೊತ್ತಿತ್ತು. ಈ ಮನೆಯ ಒಳಗೆ ಮೆಂತ್ಯದ ಹೊರತು ಯಾರೂ ಇಲ್ಲ ಎಂಬುದನ್ನು ಅವನ ತಲೆ ಕೈಗೆ ಹೇಳಿರಲಿಲ್ಲ. ಹೊಲ ಒಳಗಿನಿಂದ ಚಿಲಕ ಹಾಕಿಕೊಂಡಿತ್ತು!

ತಂತಿ ತೂರಿಸಲು ನೋಡಿದ. ತೂರಲು ಸಂದಿಯೇ ಇಲ್ಲ, ಗಾಳಿಯೂ ನುಸುಳದ ಕಿಟಕಿಯಲ್ಲವೇ! ಮೀಟಲು ಹೋಗಿ ಹಾಲವ್ವನ ಸೌಟಿನ ಹಿಡಿ ಬಾಗಿತು. ಸದ್ದು ಕೇಳಿ ಬಂದ ಗುರುಬಾಯಿ ಗಂಭೀರವಾಗಿ ಸಲಹೆ ಕೊಟ್ಟಳು. "ನಿಂಗಣ್ಣ, ಒಂದ್ಸಲ ಬಡ್ದು ನೋಡು. ಒಳಗಿಂದ ತೆಗ್ದರ ತೆಗೀತಾವ."

ಶ್ರೀಮಂತ ಸುತ್ತಿಗೆ ತಂದ. "ಒಡ್ದು ಬಿಡೂಣು?"

"ಗಾಜಿನ ಚೂರು ಬಿದ್ದ ಮೆಂತ್ಯ ಪಲ್ಯ ನಾಳೆ ಯಾರಿಗಿ ಬಡ್ಸಬೇಕಣ್ಣ? ನಿನಗೇನು?" ಎಂದಳು ಹಾಲವ್ವ. ಶ್ರೀಮಂತ ಸುತ್ತಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಉಳಿದದ್ದು ಒಂದೇ ದಾರಿ, ಸಿಲಿಕಾನ್ ಕೊಯ್ದು ಚೌಕಟ್ಟನ್ನೇ ಎತ್ತುವುದು. ನಿಂಗಣ್ಣ ಬ್ಲೇಡು ಹಿಡಿದು ಕೂತ. ಈ ಅಂಟು ಒಮ್ಮೆ ಹಿಡಿದರೆ ಬಿಡುವುದಿಲ್ಲ ಎಂದು ಗಿರಾಕಿಗಳಿಗೆ ಜೀವಮಾನವಿಡೀ ಹೇಳಿದ್ದ. ಅದು ನಿಜವೆಂದು ಅವನಿಗೆ ಗೊತ್ತಾದದ್ದು ಅಂದೇ. ಒಂದು ಕಡೆ ಅವನು ಕೊಯ್ಯುತ್ತಿದ್ದ, ಇನ್ನೊಂದು ಕಡೆ ಕಣ್ಣೆದುರೇ ಎಲೆಗಳು ಒಂದೊಂದಾಗಿ ತಲೆ ಬಾಗಿಸುತ್ತಿದ್ದವು.

ಕೊನೆಗೂ ಚೌಕಟ್ಟು ಎದ್ದಿತು. ಬುಸ್ ಎಂದು ಹಬೆ ಮುಖಕ್ಕೆ ಹೊಡೆಯಿತು. ಜೊತೆಗೆ ಘಮ್ಮನೆ ಬೆಂದ ಮೆಂತ್ಯದ ವಾಸನೆ! ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಎಸರಿನ ಸಮೇತ ಎದುರಿಗೆ ಬಂದಿತ್ತು.

"ಪಪ್ಪಾ, ಯೇ ತೋ ರೆಡಿ ಟು ಈಟ್ ಹೋ ಗಯಾ!" ಎಂದ ಶೀತಲ್, ತಾಯಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಹಾಲವ್ವ ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೈದಿದ್ದರೆ ನಿಂಗಣ್ಣ ಬದುಕುತ್ತಿದ್ದ. ಅವನ ಕಿವಿಯಲ್ಲಿ ಮತ್ತೆ ಹೋದ ವರ್ಷದ ಸೀಟಿ. ಇವಳನ್ನು ಆವತ್ತು ಅಳಿಸಿದವನು ವಾಚ್‌ಮನ್, ಈ ಸಲ ತಾನು.

"ಎಲ್ಲಾರಿಗೂ ನಾಳೆ ಬರಬ್ಯಾಡ್ರಿ ಅಂತ ಹೇಳಿ ಬರ್ತೀನಿ" ಎಂದ ಸಣ್ಣ ದನಿಯಲ್ಲಿ.

ಹಾಲವ್ವನ ಕಣ್ಣು ಮೋರಿಯ ಕಡೆ ಹೋಯಿತು. ಅಲ್ಲಿ ಹರಿದ ಸಿಮೆಂಟು ಚೀಲದ ತುಂಬ ಮೆಂತ್ಯ, ನಡುನಡುವೆ ಕಡಲೆ, ಯಾರ ಹಂಗೂ ಇಲ್ಲದೆ ಗೇಣುದ್ದ ಬೆಳೆದು ಗಾಳಿಗೆ ಓಲಾಡುತ್ತಿದ್ದವು.

"ಯಾರಿಗೂ ಏನೂ ಹೇಳಬ್ಯಾಡ್ರಿ. ಆ ಚೀಲ ಎತ್ತಿ ಟಾಕಿ ಮ್ಯಾಲ ಇಡ್ರಿ" ಎಂದು ಎದ್ದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. "ಬರೇ ಇಡ್ರಿ. ಮತ್ತೇನೂ ಫಿಟ್ ಮಾಡಬ್ಯಾಡ್ರಿ."

ಮರುದಿನ ಟಾಕಿಯ ಮೇಲೆ ಚೀಲದ ಮುಂದೆ, ಹೊಲದಲ್ಲಿ ಪೂಜಿಸುವ ಪದ್ಧತಿಯಂತೆ, ಐದು ಕಲ್ಲು ಪಾಂಡವರಾಗಿ ಕೂತವು. ಅರಿಸಿನ, ಕುಂಕುಮ, ಹೂವು ಬಂದವು. ಚಾಳಿನ ಮಂದಿ ಹೊಸ ಬಟ್ಟೆ ಉಟ್ಟು ನೆರೆದರು. ಪಕ್ಕದಲ್ಲಿದ್ದ ಖಾಲಿ ಪೆಟ್ಟಿಗೆಯೊಳಗೆ ಹಾಲವ್ವ ಯಾಕೋ ಭಜ್ಜಿಯ ಪಾತೇಲಿ ಇಳಿಸಿ ಮೇಲೆ ಕಿಟಕಿ ಮುಚ್ಚಿದ್ದಳು.

ಎಲ್ಲರಿಗಿಂತ ಹಿರಿಯಳಾದ ರಾಚವ್ವ ಆಯಿ ಕೋಲೂರಿ ಮುಂದೆ ಬಂದಳು. ಮೊದಲ ಚರಗ ಹೊಲದ ಒಡೆಯನೇ ಚೆಲ್ಲಬೇಕು, ಅದು ಪದ್ಧತಿ. "ಹೊಲದ ಮಾಲಕ ಯಾರಪ? ಮುಂದ ಬಾ."

ಎಲ್ಲರೂ ನಿಂಗಣ್ಣನನ್ನು ನೋಡಿದರು. ಈ ಗಳಿಗೆಗೆಂದೇ ಅವನು ಬಿಳಿ ಟೋಪಿ ಕೊಂಡಿದ್ದ. ತಾಟು ಹಿಡಿದು ಒಂದು ಹೆಜ್ಜೆ ಮುಂದಿಟ್ಟವನು ಅಲ್ಲೇ ನಿಂತ. ತಿರುಗಿ ತಾಟನ್ನು ಹೆಂಡತಿಯ ಕೈಗೆ ಕೊಟ್ಟ.

"ಹೊಲ ಇಕಿದು ಆಯಿ. ನಾ ಬರೇ ಕಿಡಕಿ ಕೂಡ್ಸಾಂವ."

ಹಾಲವ್ವ ಚರಗ ಚೆಲ್ಲಿದಳು. ಮಂದಿ ಚರಗದ ಕೂಗು ಹಾಕಿದರು. ಯಾರೂ ಸೀಟಿ ಊದಲಿಲ್ಲ. ರಾಚವ್ವ ಆಯಿ ಮಾತ್ರ ಕಣ್ಣು ಕಿರಿದು ಮಾಡಿ ಟಾಕಿಯ ಮೇಲಿನ ಗಾಜನ್ನೇ ನೋಡುತ್ತಿದ್ದಳು.

"ಅಲ್ಲೋ ನಿಂಗ್ಯಾ, ಹೊಲಕ್ಕ ಕಿಡಕಿ ಯಾಕೋ?"

ತಿಂಗಳಿಡೀ ಎಲ್ಲ ಪ್ರಶ್ನೆಗೂ ಉತ್ತರವಿದ್ದ ನಿಂಗಣ್ಣ ಟೋಪಿ ತೆಗೆದು ತಲೆ ಕೆರೆದುಕೊಂಡ. ಉತ್ತರ ಕೊಟ್ಟವಳು ಹಾಲವ್ವ. ಕಿಟಕಿ ಎತ್ತಿ, ಹಬೆಯಾಡುವ ಪಾತೇಲಿ ಹೊರಗೆ ತೆಗೆಯುತ್ತ ಹೇಳಿದಳು:

"ಭಜ್ಜಿ ಬಿಸಿ ಇರ್ಲಿ ಅಂತ ಮಾಡ್ಯಾರ, ಆಯಿ. ಇದರಾಗ ಇವರ ಕೈ ಹಿಡಿಯೋರಿಲ್ಲ!"