ಅಂತಾರಾಷ್ಟ್ರೀಯ ಎರವು

ಜಗತ್ತಿನ ಬಡತನ ಓಡಿಸುವುದು ಹೇಗೆಂದು ದೊಡ್ಡ ದೊಡ್ಡ ದೇಶಗಳು ಆಗಾಗ ಸಭೆ ಸೇರಿ ತಲೆ ಕೆಡಿಸಿಕೊಳ್ಳುತ್ತವಲ್ಲ, ಅವು ಒಂದು ವಿಷಯದಲ್ಲಿ ಪುಣ್ಯ ಮಾಡಿವೆ. ಗಜೇಂದ್ರಗಡದ ನಮ್ಮ ಸೋದರತ್ತೆಯ ವಿಳಾಸ ಅವಕ್ಕೆ ಗೊತ್ತಿಲ್ಲ! ಗೊತ್ತಿದ್ದರೆ ಇಷ್ಟರಲ್ಲಿ ಆ ದೇಶಗಳೆಲ್ಲ ನಮ್ಮತ್ತೆಯ ಋಣದಲ್ಲಿ ಕುತ್ತಿಗೆಮಟ್ಟ ಮುಳುಗಿರುತ್ತಿದ್ದವು.

ಅತ್ತೆಯ ಹುಚ್ಚು ಒಂದೇ: ಇನ್ನೊಬ್ಬರ ಪಾತ್ರೆಯನ್ನು ಖಾಲಿ ತಿರುಗಿ ಕೊಡಬಾರದು. ಅಯ್ಯೋ, ಈ ಪದ್ಧತಿ ನಮ್ಮ ಮನೆಯಲ್ಲೂ ಇದೆ ಅನ್ನುತ್ತೀರಾ? ಇರಲಿ. ನಿಮ್ಮಲ್ಲಿ ಅದು ಪದ್ಧತಿ, ಅತ್ತೆಯಲ್ಲಿ ಅದು ಜ್ವರ. ಪಕ್ಕದ ಮನೆಯ ಮಾಬೂಬಿ ರಂಜಾನಿಗೆ ಸುರಕುಂಬಾ ಪಾಯಸ ಕಳಿಸಿದ ಡಬ್ಬಿ ಹೋಳಿಗೆ ಹೊತ್ತು ಹೋಗುತ್ತದೆ, ಸಮೋಸ ಹೊತ್ತು ಬರುತ್ತದೆ, ಶೇಂಗಾ ಹಿಂಡಿ ಹೊತ್ತು ಮತ್ತೆ ಹೊರಡುತ್ತದೆ. ಆ ಡಬ್ಬಿ ಮೊದಲಿಗೆ ಯಾರ ಮನೆಯದಾಗಿತ್ತು ಎಂಬುದು ಈಗ ಇಬ್ಬರಿಗೂ ನೆನಪಿಲ್ಲ!

ಒಮ್ಮೆ ರೋಣದಲ್ಲಿ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಹೋಗಿದ್ದಳು. ನರ್ಸಬಾಯಿ ಪುಟ್ಟ ಡಬ್ಬಿ ಕೈಗಿಟ್ಟು, "ಅಜ್ಜಿ, ಇದನ್ನ ತುಂಬಿಸಿ ಕೊಡ್ರಿ" ಅಂದರು. "ಅದನ್ನ ನೀವು ಹೇಳಬೇಕೇನವ್ವಾ?" ಎಂದ ಅತ್ತೆ ಡಬ್ಬಿಯನ್ನು ಮನೆಗೇ ತಂದು, ಮರುದಿನ ಎಮ್ಮೆ ತುಪ್ಪ ತುಂಬಿಸಿ ಒಯ್ದಳು. ನರ್ಸಬಾಯಿ ಮುಚ್ಚಳ ತೆಗೆದು ಮೂಸಿ ನೋಡಿ, "ಅಜ್ಜಿ, ನಿಮಗ ಸಕ್ಕರಿ ಇಲ್ಲ ಬಿಡ್ರಿ. ಜತಿಗೆ ಹೋಳಗಿ ತಂದಿದ್ರ ಚಲೋ ಆಗ್ತಿತ್ತು!" ಅಂದರಂತೆ.

ಇಂಥವಳ ಓಣಿಗೆ ಹೊರದೇಶದ ಒಂದು ಸಂಸ್ಥೆ ನೀರು ಸೋಸುವ ಬಕೆಟ್ ಹಂಚಿತು ನೋಡಿ! ನೀಲಿ ಬಣ್ಣ, ಬುಡದಲ್ಲಿ ಪುಟ್ಟ ನಳ. ಹಂಚುವ ದಿನ ಭಾಷಣದವರು "ಇದು ಅಂತಾರಾಷ್ಟ್ರೀಯ ನೆರವು" ಎಂದು ಕೂಗಿದರು. ಹಾಳು ಮೈಕು ಅದೇ ಹೊತ್ತಿಗೆ ಕೆಮ್ಮಿ ನಕಾರವನ್ನು ನುಂಗಿತು. ಅತ್ತೆಗೆ ಕೇಳಿಸಿದ್ದು ಅಂತಾರಾಷ್ಟ್ರೀಯ ಎರವು! ಎರವು ಎಂದರೆ ಬಳಸಿಕೊಂಡು ತಿರುಗಿ ಕೊಡಬೇಕಾದ್ದು.

ಅಂದಿನಿಂದ ಆ ಬಕೆಟ್ಟಿಗೆ ಮದುಮಗಳ ಮರ್ಯಾದೆ. ಮೇಲೊಂದು ಇಳಕಲ್ ಸೀರೆಯ ತುಂಡು ಬೇರೆ!

"ಅತ್ತಿ, ಅದು ನೆರವು. ನ ಐತಿ, ನ! ತಿರುಗಿ ಕೊಡೂದಲ್ಲ" ಎಂದು ನಾನು ಕೂಗಿದೆ.

"ನ ಇದ್ದಮಾತ್ರಕ್ಕ ನಂದಾಕ್ಕೈತೇನಲೇ?"

ನನ್ನ ವ್ಯಾಕರಣ ಅಲ್ಲಿಗೆ ಮುಗಿಯಿತು.

ಮೊನ್ನೆ ಆ ಸಂಸ್ಥೆಯ ವಿದೇಶಿ ಹುಡುಗಿಯೊಬ್ಬಳು ಬಕೆಟ್‌ಗಳು ಹೇಗಿವೆ ಎಂದು ನೋಡಲು ಬಂದಳು. ಅವಳಿಗೆ ಕನ್ನಡ ಬಾರದು, ಮಾತು ತಿರುಗಿಸಿ ಹೇಳಲು ನಾನು. ಎರವು ಒಯ್ಯಲು ಬರುತ್ತಾಳೆಂದೇ ತಿಳಿದ ಅತ್ತೆ, ಸೋಸುವ ಭಾಗ ತೆಗೆದಿಟ್ಟು ಬಕೆಟ್ ತೊಳೆದು ಒಣಗಿಸಿ, ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ತುಂಬಿಸಿ ಕಾಯುತ್ತಿದ್ದಳು.

"ಅವರ ದೇಶದಾಗ ಏನ ಕಮ್ಮಿ ಐತಿ, ಕೇಳು. ಇನ್ನೂ ಜಾಗಾ ಐತಿ ಇದರಾಗ."

ಕೇಳಿದೆ. ಹುಡುಗಿ ನಕ್ಕು, ಬಹಳ ಹೊತ್ತು ಯೋಚಿಸಿ, ಮಧ್ಯಾಹ್ನದ ಊಟ ಅಂದಳು. ಕಚೇರಿಯ ಮೇಜಿನ ಮೇಲೇ ತಣ್ಣನೆಯ ಬ್ರೆಡ್ಡು ತಿಂದು ಮುಗಿಸುತ್ತಾರಂತೆ.

ಅತ್ತೆ ಎದೆ ಮುಟ್ಟಿಕೊಂಡಳು. "ಅಯ್ಯ ಶಿವನ! ಬಿಸಿ ಊಟಕ್ಕ ಗತಿ ಇಲ್ಲ, ಆದ್ರೂ ನಮಗ ಬಕೀಟ ಕೊಟ್ಟಾರ! ಎಂಥಾ ದೊಡ್ಡ ಮನಸಿನ ಬಡವರೋ ತಮ್ಮಾ!"

ಇದನ್ನು ನಾನು ತಿರುಗಿಸಿ ಹೇಳಲಿಲ್ಲ. ದೇಶ ದೇಶಗಳ ಸಂಬಂಧ ಕೆಡಬಾರದಲ್ಲ!

ಆದರೆ ಅತ್ತೆ ಬಕೆಟ್ ಮುಂದೆ ನೂಕಿದಾಗ ಹುಡುಗಿಯ ಮುಖ ಬಾಡಿತು. ಬಕೆಟ್ ಅಜ್ಜಿಯದ್ದೇ, ಆದರೆ ನೆರವು ಪಡೆದವರ ಮನೆಯಿಂದ ತಾವು ಏನನ್ನೂ ತೆಗೆದುಕೊಳ್ಳುವಂತಿಲ್ಲ, ಅದು ನಿಯಮ ಅಂದಳು. ಇದನ್ನು ಹೇಳದೆ ವಿಧಿಯಿರಲಿಲ್ಲ.

"ನಮ್ಮನಿ ರೊಟ್ಟಿ ನಡೆಯಂಗಿಲ್ಲಂತ?" ಅತ್ತೆ ಕೇಳಿದ್ದು ಅಷ್ಟೇ. ಓಣಿಗೆಲ್ಲ ಕೇಳುವಂಥ ಗಂಟಲು ಅವಳದು. ಆಗ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ಬಾಗಿಲಲ್ಲಿದ್ದ ಮಾಬೂಬಿ ತಡೆಯಲಾರದೆ, "ಕೊಡಾಕ ಅವರಿಗಷ್ಟ ಹಕ್ಕೈತೇನ್ರಿ, ನಮಗಿಲ್ಲೇನು? ಇದೆಂಥಾ ನ್ಯಾಯ?" ಅಂದಳು.

ನಾನು ಹುಡುಗಿಗೆ ಖಾಲಿ ಪಾತ್ರೆಯ ಕಥೆಯನ್ನೆಲ್ಲ ಹೇಳಿದೆ, ತುಪ್ಪದ ಡಬ್ಬಿಯನ್ನೂ ಬಿಡದೆ. ಆಕೆ ಎದ್ದಳು. ರೊಟ್ಟಿಗಳನ್ನು ಒಂದೊಂದಾಗಿ ಪರಾತಕ್ಕೆ ಇಳಿಸಿದಳು. ಸೋಸುವ ಭಾಗವನ್ನು ಮತ್ತೆ ಕೂರಿಸಿದಳು. ಆಮೇಲೆ ಮೂಲೆಯ ಕೊಡ ಎತ್ತಿಕೊಂಡು ಓಣಿಯ ನಳಕ್ಕೆ ನಡೆದೇಬಿಟ್ಟಳು!

ಆಹಾ, ಆ ಕೊಡ ಹೊತ್ತ ಚಂದ ಏನು ಹೇಳಲಿ! ಕೊಡ ಜಾರುತ್ತದೆ, ಹುಡುಗಿ ವಾಲುತ್ತಾಳೆ. "ಸೊಂಟಾ ಕೊಡ್ರೀ ಬಾಯಾರ, ಸೊಂಟಾ!" ಎಂದು ಓಣಿಯೇ ಕೂಗುತ್ತದೆ. ಅರ್ಧ ನೀರು ಅವಳ ಮೈಮೇಲೆ, ಉಳಿದರ್ಧ ಬಕೆಟ್ಟಿನಲ್ಲಿ. ಏದುಸಿರು ಬಿಡುತ್ತ, "ನಾನೂ ಖಾಲಿ ಕೊಡಲಿಲ್ಲ ಎಂದು ಹೇಳಿ" ಅಂದಳು.

ಅತ್ತೆ ಸೋಸಿ ಇಳಿದ ಮೊದಲ ಲೋಟ ನೀರು ಕುಡಿದಳು. ಗಂಟಲು ವಾಪಸ್ ಬಂತು!

"ಬೀಗರು ನೀರ ಕುಡೀತಾರ. ನೀರ ತಂದಾಕಿ ಮನಿಮಗಳ. ಮನಿಮಗಳಿಗೆ ಉಡಿ ತುಂಬಬೇಕು. ಅದಕ್ಕೇನರ ನಿಯಮ ಐತೇನು, ಕೇಳು!"

ಹುಡುಗಿ ತಲೆ ಕೆರೆದುಕೊಂಡಳು. ಮಗಳ ವಿಷಯದಲ್ಲಿ ನಿಯಮವೇ ಇರಲಿಲ್ಲ. ಪ್ಯಾಂಟಿನವಳಿಗೆ ಸೆರಗೆಲ್ಲಿ? ಮಾಬೂಬಿ ತನ್ನ ಓಢಣಿಯನ್ನೇ ಅವಳ ಹೆಗಲಿಗೆ ಹಾಕಿ, ಅದರ ಚುಂಗನ್ನು ಸೆರಗಿನಂತೆ ಒಡ್ಡಿ ಹಿಡಿಸಿದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಬಸದ ಖಣ, ಅದರ ಮೇಲೆ ರೊಟ್ಟಿಯ ಗುಡ್ಡ! ಹುಡುಗಿ ಎರಡೂ ಕೈಯಲ್ಲಿ ಉಡಿ ಹಿಡಿದುಕೊಂಡೇ ಜೀಪು ಹತ್ತಿದಳು.

ಜೀಪಿನ ಧೂಳು ಇಳಿಯುವವರೆಗೂ ಅತ್ತೆ ಕಟ್ಟೆಯ ಮೇಲೆ ನಿಂತಿದ್ದಳು.

"ಅತ್ತಿ, ಈಗರ ಒಪ್ಪು. ಬಕೀಟ ಎರವಲ್ಲ, ನೆರವು."

"ಹೂನೋ, ಬಕೀಟ ನೆರವು." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎರವು ಅಂದ್ರ ಆ ಹುಡುಗಿ. ಯಾವ ತಾಯಿ ಮಗಳೋ ಏನೋ, ಒಂದಿನ ನನ್ನ ಮನ್ಯಾಗ ಇತ್ತು. ತಿರುಗಿ ಕೊಡೂವಾಗ ಖಾಲಿ ಕಳಸಾಕ ಬರತೈತೇನೋ ತಮ್ಮಾ?"