ಕನ್ನಡಕದವರ ರಾಜೀನಾಮೆ

ಎಲ್ಲದಕ್ಕೂ ಕಾರಣ ಒಂದು ಖಾಲಿ ಚಕ್ರ.

ಬಡಾವಣೆಯ ಕಲಾ ಟ್ರಸ್ಟಿನ ಕೆಳಗಿನ ಕೋಣೆಯಲ್ಲಿ ಮಡಕೆ ಮಾಡುವ ಚಕ್ರಗಳು ಎಂಟು. ಹೊಸ ತರಗತಿಗೆ ಏಳು ಜನ ಸೇರಿಯಾಗಿತ್ತು. ಎಂಟನೆಯದಕ್ಕೆ ಸಂಜೆ ಐದರೊಳಗೆ ಅರ್ಜಿ ಕೊಡಬೇಕು ಎಂದು ಗುಮಾಸ್ತೆ ಬಾಗಿಲಿಗೆ ಚೀಟಿ ಅಂಟಿಸಿದ್ದಳು. ಬೆಳಿಗ್ಗೆ ಅದನ್ನು ಓದಿದ ಕನ್ನಡಕದವರು ಅರ್ಜಿಯೊಂದನ್ನು ಕೇಳಿ ಪಡೆದು, ತುಂಬಿ, ಜೇಬಿಗಿಟ್ಟುಕೊಂಡರು. ಕೊಡುವ ಹಾಗಿರಲಿಲ್ಲ. ಅವರು ಟ್ರಸ್ಟಿ. ಟ್ರಸ್ಟಿಯಾದವರು ಟ್ರಸ್ಟಿನ ತರಗತಿಯಲ್ಲಿ ಕಲಿಯುವಂತಿಲ್ಲ. ಅದು ನಿಯಮ ಹದಿನಾಲ್ಕು, ಎಲ್ಲ ಟ್ರಸ್ಟಿಗಳಿಗೂ ಬಾಯಿಪಾಠ.

ಮೂವತ್ತು ವರ್ಷ ಕನ್ನಡಕದ ಅಂಗಡಿಯಲ್ಲಿ ಕೂತು ಅವರು ಎಲ್ಲವನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಮಾಡಿದ್ದರು. ಈಗ ಅವರಿಗೆ ಇದ್ದದ್ದು ಒಂದೇ ಆಸೆ: ಒಂದು ಸೊಟ್ಟ ಮಡಕೆ ಮಾಡಬೇಕು. ಸೊಟ್ಟಗಿದೆ ಎಂದು ಯಾರೂ ವಾಪಸು ತಂದುಕೊಡಬಾರದು. ಎಂಟು ವರ್ಷದಿಂದ ಸಭೆಗೆ ಹೋಗುವಾಗಲೆಲ್ಲ ಕಿಟಕಿಯ ಬಳಿ ನಿಂತು, ತಿರುಗುವ ಮಣ್ಣನ್ನು ನೋಡಿ, ನಿಟ್ಟುಸಿರು ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು.

ಹಾಗಾದರೆ ರಾಜೀನಾಮೆ ಕೊಡಬಹುದಲ್ಲ ಎಂದರೆ, ಅದಕ್ಕೂ ನಿಯಮವಿತ್ತು. ಐವರು ಟ್ರಸ್ಟಿಗಳೂ ಒಂದೇ ಕೋಣೆಯಲ್ಲಿ ಕೂತಿದ್ದಾಗ ಮಾತ್ರ ರಾಜೀನಾಮೆ ಅಂಗೀಕಾರವಾಗುತ್ತದೆ. ಐವರೂ ಒಟ್ಟಿಗೆ ಕೂತು ಮೂರು ವರ್ಷವಾಗಿತ್ತು. ಅವರನ್ನು ಸೇರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದಂತೆ.

ಮೊದಲು ಅಧ್ಯಕ್ಷರ ಮನೆಗೆ ಹೋದರು. ಅಧ್ಯಕ್ಷರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಊರೆಲ್ಲ ಅವರನ್ನು ಹೆಡ್‌ಮೇಡಂ ಎನ್ನುತ್ತಿತ್ತು.

"ನಾಲ್ಕು ಗಂಟೆಗೆ ಸಭೆ ಅಂದ್ರೆ ಈಗ ಹೇಳ್ತೀರಾ? ಏಳು ದಿನ ಮುಂಚೆ ಹೇಳ್ಬೇಕು."

"ತುರ್ತು ಸಭೆ ಮೇಡಂ. ಏಳು ನಿಮಿಷ ಮುಂಚೆ ಹೇಳಿದ್ರೂ ಆಗುತ್ತಂತೆ."

"ಏನು ತುರ್ತು?"

"ಅಲ್ಲಿ ಹೇಳ್ತೀನಿ."

ರಹಸ್ಯವಿದೆ ಎಂದಾಗ ಹೆಡ್‌ಮೇಡಂ ಮಂಡಿನೋವನ್ನೂ ಮರೆತು ಒಪ್ಪಿದರು.

ಹಲ್ಲಿನ ಡಾಕ್ಟರು ಇನ್ನೊಬ್ಬರ ಬಾಯೊಳಗೆ ತಲೆಯಿಟ್ಟುಕೊಂಡೇ ಉತ್ತರಿಸಿದರು. "ನಾಲ್ಕಕ್ಕೆ ಒಂದು ದವಡೆ ಹಲ್ಲಿದೆ ನಂಗೆ."

"ಅರ್ಧ ಗಂಟೆ ಸಾಕು ಡಾಕ್ಟ್ರೇ. ಹಲ್ಲು ಎಲ್ಲಿಗೂ ಓಡಿಹೋಗಲ್ಲ."

"ಹಲ್ಲು ಹೋಗಲ್ಲ. ಹಲ್ಲಿನ ಯಜಮಾನ್ರು ಹೋಗ್ತಾರೆ. ಮೂರು ಸಲ ಓಡಿಹೋಗಿದ್ದಾರೆ."

ಕೊನೆಗೆ, ಬರುತ್ತೇನೆ, ಆದರೆ ಅವರನ್ನೂ ಜೊತೆಗೇ ಕರೆತರುತ್ತೇನೆ ಎಂದರು.

ಉಳಿದವರು ಇಬ್ಬರು. ಪ್ರೆಸ್ಸಿನ ಯಜಮಾನರು ಮತ್ತು ಕನ್ನಡಕದವರ ಹೆಂಡತಿಯ ಅಣ್ಣ, ಅಂದರೆ ವಕೀಲ ಭಾವ. ಅವರಿಬ್ಬರಿಗೂ ಮಾತಿರಲಿಲ್ಲ. ಸಭೆಯ ಕೋಣೆಯಲ್ಲಿ ಕೈಯಿರುವ ಕುರ್ಚಿ ಇದ್ದದ್ದು ಒಂದೇ. ಅದರಲ್ಲಿ ಯಾರು ಕೂರಬೇಕೆಂದು ಮೂರು ವರ್ಷದ ಹಿಂದೆ ಶುರುವಾದ ಜಗಳ ಇನ್ನೂ ಮುಗಿದಿರಲಿಲ್ಲ.

"ಆ ಕುರ್ಚಿಯಲ್ಲಿ ಆತ ಕೂರೋದಾದ್ರೆ ನಾನು ಬರಲ್ಲ," ಎಂದರು ಪ್ರೆಸ್ಸಿನವರು.

"ಕುರ್ಚಿ ನಂಗೇನೂ ಬೇಡ," ಎಂದ ಭಾವ. "ಅವನಿಗೆ ಸಿಗಬಾರ್ದು, ಅಷ್ಟೆ."

ಕನ್ನಡಕದವರು ಅಂಗಡಿಗೆ ಹೋಗಿ, ಗಿರಾಕಿಗಳನ್ನು ಕಣ್ಣು ಪರೀಕ್ಷೆಗೆ ಕೂರಿಸುವ ಕೈಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬೀದಿಗಿಳಿದರು. ಕುರ್ಚಿಯ ನಾಲ್ಕು ಕಾಲು ಆಕಾಶಕ್ಕೆ, ಅವರ ಎರಡು ಕಾಲು ಕೆಳಗೆ. ದೂರದಿಂದ ನೋಡಿದರೆ ಅಂಗಾತ ಬಿದ್ದ ಜೀರುಂಡೆಯೊಂದು ನಡೆದು ಹೋಗುತ್ತಿರುವಂತಿತ್ತು.

"ಅಂಗಡಿ ಖಾಲಿ ಮಾಡಿಸಿಬಿಟ್ರಾ?" ಎಂದು ಕೇಳಿದ ಕ್ಷೌರಿಕ.

"ಇಲ್ಲಪ್ಪ. ಸಭೆ ಇದೆ."

"ಸಭೆಗೆ ಕುರ್ಚಿ ಮನೆಯಿಂದ ತರಬೇಕಾ? ಅಷ್ಟು ಗತಿಗೇಡು ಬಂತಾ ಟ್ರಸ್ಟಿಗೆ?"

ಹೂವಿನಂಗಡಿಯವಳು, "ಪಾಪ, ಕೊನೇ ಕುರ್ಚಿ ಇರ್ಬೇಕು," ಎಂದು ಪಕ್ಕದವಳಿಗೆ ಹೇಳಿದಳು. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಮನೆ ಸೇರಿತ್ತು. ಫೋನು ಬಡಿದುಕೊಂಡಿತು.

"ಅಂಗಡಿ ಹೋಯ್ತಂತೆ, ನಂಗೊಂದು ಮಾತು ಹೇಳಬಾರ್ದಾ?" ಎಂದಳು ಹೆಂಡತಿ.

"ಅಂಗಡಿ ಎಲ್ಲೂ ಹೋಗಿಲ್ಲ ಕಣೆ. ಕುರ್ಚಿ ಮಾತ್ರ ಹೋಗ್ತಿದೆ. ನಿಮ್ಮಣ್ಣ ಕೂರೋಕೆ."

"ನಮ್ಮಣ್ಣನಿಗೆ ಕೂರೋಕೆ ಕುರ್ಚಿ ಇಲ್ವಾ?" ಎಂದು ಅವಳು ಶುರು ಮಾಡಿದಳು. ಒಂದು ಕೈಯಲ್ಲಿ ಕುರ್ಚಿ, ಇನ್ನೊಂದರಲ್ಲಿ ತವರುಮನೆ ಹಿಡಿದುಕೊಳ್ಳಲಾಗದೆ ಅವರು ಫೋನು ಇಟ್ಟರು.

ನಾಲ್ಕೂಕಾಲಿಗೆ ಐವರೂ ಸೇರಿದರು. ಪ್ರೆಸ್ಸಿನವರೂ ಭಾವನೂ ಆಚೆಗೊಂದು ಈಚೆಗೊಂದು ಕೈಕುರ್ಚಿಯಲ್ಲಿ, ಇಬ್ಬರು ಮಹಾರಾಜರಂತೆ. ಮೂಲೆಯ ಬೆಂಚಿನ ಮೇಲೆ ದವಡೆಯಲ್ಲಿ ಹತ್ತಿ ತುಂಬಿಸಿಕೊಂಡ ರೋಗಿ.

ಕನ್ನಡಕದವರು ರಾಜೀನಾಮೆ ಪತ್ರ ಓದಿದರು. ಎರಡೇ ಸಾಲು. ಅದಕ್ಕೆ ಉತ್ತರವಾಗಿ ಭಾಷಣಗಳು ಶುರುವಾದವು. ಎಂಟು ವರ್ಷದಲ್ಲಿ ತಮ್ಮ ಒಂದು ಮಾತಿಗೂ ತಲೆದೂಗದ ನಾಲ್ವರೂ ತಮ್ಮನ್ನು ಟ್ರಸ್ಟಿನ ಬೆನ್ನೆಲುಬು ಎನ್ನುವುದನ್ನು ಅವರು ಗಡಿಯಾರದ ಮುಳ್ಳು ನೋಡುತ್ತ ಕೇಳಿದರು.

"ಬೆನ್ನೆಲುಬು ತೆಗೆದು ಹೊರಗಿಡೋದಾದ್ರೆ," ಎಂದ ಭಾವ, "ಅದೇ ಸಭೆಯಲ್ಲಿ ಇನ್ನೊಂದು ಹಾಕ್ಬೇಕು. ಜಾಗ ಖಾಲಿ ಬಿಡೋ ಹಾಗಿಲ್ಲ."

"ನನ್ನ ತಂಗಿ ಇದ್ದಾಳೆ," ಎಂದರು ಹೆಡ್‌ಮೇಡಂ.

"ಒಂದು ಮನೆಗೆ ಒಂದೇ ಬೆತ್ತ ಸಾಕು," ಎಂದರು ಪ್ರೆಸ್ಸಿನವರು. "ನಮ್ಮ ಅಳಿಯನ್ನ ಹಾಕಿ."

"ಅಳಿಯ ಬಂದ್ರೆ ಅವನಿಗೊಂದು ಕೈಕುರ್ಚಿ ಬೇಕಾಗುತ್ತೆ," ಎಂದ ಭಾವ, ಗೋಡೆಗೆ.

"ಇವ್ರಾದ್ರೆ?" ಎಂದು ಡಾಕ್ಟರು ರೋಗಿಯನ್ನು ತೋರಿಸಿದರು. "ಏನಂದ್ರೂ ಎದುರಾಡಲ್ಲ." ರೋಗಿ ಗಾಬರಿಯಿಂದ ತಲೆಯಾಡಿಸಿದರು. ಅದು ಹೌದೋ ಅಲ್ಲವೋ ಎಂದು ಚರ್ಚಿಸುವುದರಲ್ಲಿ ಮತ್ತೆ ಆರು ನಿಮಿಷ ಹೋಯಿತು.

ನಾಲ್ಕೂವರೆಗೆ ಬಾಗಿಲು ತೆರೆಯಿತು. ಮೊಣಕೈವರೆಗೆ ಮಣ್ಣು ಮೆತ್ತಿಕೊಂಡ ಮಡಕೆ ಟೀಚರು ಉಗ್ರಾಣದ ಬೀಗದ ಕೈ ಕೇಳಲು ಬಂದಿದ್ದರು. ಯಾರ ಜೊತೆಗೂ ಒಮ್ಮೆಯೂ ಜಗಳವಾಡದವರು. ಕನ್ನಡಕದವರಿಗೆ ಮುಳುಗುವವನಿಗೆ ಹಲಗೆ ಸಿಕ್ಕಂತಾಯಿತು.

"ಟೀಚರನ್ನೇ ಮಾಡೋಣ."

ಆಕೆ ಯಾರ ತಂಗಿಯೂ ಅಲ್ಲ, ಯಾರ ಸೊಸೆಯೂ ಅಲ್ಲ. ಆದ್ದರಿಂದ ಯಾರಿಗೂ ತಕರಾರಿರಲಿಲ್ಲ. ತಕರಾರಿದ್ದದ್ದು ಆಕೆಗೆ ಮಾತ್ರ.

"ನಂಗ್ಯಾಕೆ ಸಾರ್ ಇದೆಲ್ಲ? ನಾನು ಮಣ್ಣಿನವಳು."

"ಮಣ್ಣು ಗೊತ್ತಿರೋರೇ ಇಲ್ಲಿ ಬೇಕು ಟೀಚರ್. ಇಲ್ಲ ಅನ್ನಬೇಡಿ. ಕೈ ಮುಗೀತೀನಿ." ಅವರು ನಿಜವಾಗಿಯೂ ಕೈ ಮುಗಿದರು. ಎಂಟು ವರ್ಷ ಟ್ರಸ್ಟಿಯಾಗಿದ್ದವರು ಕೈ ಮುಗಿದರೆ ಹೇಗೆ ಇಲ್ಲವೆನ್ನುವುದು? ಟೀಚರು ಸೆರಗಿಗೆ ಕೈ ಒರೆಸಿಕೊಂಡರು.

"ಸರಿ. ನಿಯಮದ ಪುಸ್ತಕ ಕೊಡಿ, ಓದಿ ಸಹಿ ಮಾಡ್ತೀನಿ."

ಟ್ರಸ್ಟಿಗಳು ಮುಖ ಮುಖ ನೋಡಿಕೊಂಡರು. ಆ ಪುಸ್ತಕವನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಹುಡುಕಿದಾಗ ಅದು ಮೇಜಿನ ಮೋಟು ಕಾಲಿನ ಕೆಳಗೆ ಸಿಕ್ಕಿತು. ಎಳೆದು ತೆಗೆದಾಗ ಮೇಜು ವಾಲಿತು, ಐದು ಲೋಟ ಚಹಾ ಹೆಡ್‌ಮೇಡಂ ಕಡೆ ಹರಿಯಿತು. ಗದ್ದಲದ ನಡುವೆ ಟೀಚರು ಒಂದೊಂದೇ ಪುಟ, ಬೆರಳಿಟ್ಟು ಓದಿದರು. ನಡುವೆ ಒಮ್ಮೆ ತಲೆಯೆತ್ತಿ ಕನ್ನಡಕದವರನ್ನೇ ನೋಡಿದರು. ಅವರು ಬೇಗ ಬೇಗ ಎನ್ನುವಂತೆ ಉತ್ಸಾಹದಿಂದ ತಲೆಯಾಡಿಸಿದರು. ಟೀಚರು ಸಹಿ ಮಾಡಿದರು.

ಐದಕ್ಕೆ ಎಂಟು ನಿಮಿಷವಿದ್ದಾಗ ಕನ್ನಡಕದವರು ಟ್ರಸ್ಟಿಯಾಗಿ ಉಳಿದಿರಲಿಲ್ಲ. ಎರಡೆರಡು ಮೆಟ್ಟಿಲು ಹಾರುತ್ತ ಇಳಿದರು. ಗುಮಾಸ್ತೆ ಅರ್ಜಿ ತೆಗೆದುಕೊಂಡು ಮೊಹರು ಒತ್ತಿ, "ಎಂಟನೇ ಚಕ್ರ ನಿಮ್ಮದೇ," ಎಂದಳು. ಅವರಿಗೆ ಅಳುವೇ ಬಂತು. ನೇರ ಕೆಳಗಿನ ಕೋಣೆಗೆ ಹೋಗಿ, ಎಂಟು ವರ್ಷ ಹೊರಗಿನಿಂದ ನೋಡಿದ ಕಿಟಕಿಯ ಒಳಬದಿಗೆ ಬಂದು, ಎಂಟನೇ ಚಕ್ರದ ಮುಂದೆ ಕೂತರು. ತಣ್ಣಗಿನ ಮಣ್ಣಿನ ವಾಸನೆ. ಅಂಗಿಯ ತೋಳು ಮಡಚಿಕೊಂಡರು.

ಟೀಚರು ಒಳಗೆ ಬಂದವರು ಮೂಲೆಯ ಚಕ್ರದಿಂದ ಶುರು ಮಾಡಿ ಒಂದೊಂದಕ್ಕೂ ಬಟ್ಟೆ ಮುಚ್ಚತೊಡಗಿದರು.

"ನಾಳೆಯಿಂದ ತರಗತಿ ಅಲ್ವಾ ಟೀಚರ್?"

"ತರಗತಿ ಎಲ್ಲಿ ಸಾರ್? ನಾನು ಟ್ರಸ್ಟಿ. ನಿಯಮ ಹದಿನಾಲ್ಕು."

"ಅದು ಕಲಿಯೋಕಲ್ವಾ? ಟ್ರಸ್ಟಿ ಕಲಿಯೋ ಹಾಗಿಲ್ಲ."

"ಅದು ಅರ್ಧ. ಕಲಿಸೋ ಹಾಗೂ ಇಲ್ಲ ಅನ್ನೋದು ಮುಂದಿನ ಪುಟದಲ್ಲಿದೆ." ಟೀಚರು ಇನ್ನೊಂದು ಚಕ್ರಕ್ಕೆ ಬಟ್ಟೆ ಮುಚ್ಚಿದರು. "ಎಂಟು ವರ್ಷ ಟ್ರಸ್ಟಿ ಆಗಿದ್ದವ್ರು, ಗೊತ್ತಿದ್ದೇ ಕರೀತಿದ್ದಾರೆ ಅಂದ್ಕೊಂಡೆ. ಓದುವಾಗ ನಿಮ್ಮ ಮುಖ ನೋಡ್ದೆ. ನೀವು ಹೂಂ ಅಂತ ತಲೆಯಾಡಿಸಿದ್ರಿ."

ಕನ್ನಡಕದವರು ಮಡಚಿದ ತೋಳನ್ನು ನಿಧಾನವಾಗಿ ಇಳಿಸಿಕೊಂಡರು. "ಹಾಗಾದ್ರೆ ನೀವು ರಾಜೀನಾಮೆ..."

"ಐವರೂ ಕೂರಬೇಕು. ಬೇರೆ ಟೀಚರನ್ನ ನೇಮಿಸೋದಾದ್ರೂ ಐವರೇ ಕೂರಬೇಕು. ಈಗಷ್ಟೇ ಎಲ್ಲ ಮನೆಗೆ ಹೋದ್ರು. ಇಳಿಯುವಾಗ ಪ್ರೆಸ್ಸಿನವರಿಗೂ ನಿಮ್ಮ ಭಾವನಿಗೂ ಮತ್ತೆ ಜಗಳ. ಮೆಟ್ಟಿಲು ಮೊದಲು ಯಾರು ಇಳೀಬೇಕು ಅಂತ."

ಏಳು ಚಕ್ರಗಳಿಗೆ ಬಟ್ಟೆ ಬಿದ್ದಿತ್ತು. ಎಂಟನೆಯದರ ಬಟ್ಟೆ ಹಿಡಿದುಕೊಂಡು ಟೀಚರು ಅವರು ಏಳುವುದನ್ನೇ ಕಾದು ನಿಂತರು.

"ನಂಗೆ ಇದೆಲ್ಲ ಹೊಸದು ಸಾರ್," ಎಂದರು ಮೆಲ್ಲಗೆ. "ನಾಲ್ಕು ಜನರನ್ನ ಒಂದೇ ಕೋಣೆಗೆ ತರೋ ವಿದ್ಯೆ ಈ ಊರಲ್ಲಿ ನಿಮಗೊಬ್ರಿಗೇ ಗೊತ್ತಿರೋದು. ಹೇಗೂ ಈಗ ಬಿಡುವಾಗಿದ್ದೀರಿ. ನಾಳೆ ಬೆಳಿಗ್ಗೆ ಮೊದಲು ಯಾರ ಮನೆಗೆ ಹೋಗೋಣ, ಹೇಳಿ."