ತಾಯಿ ನಾಗಪುರಕ್ಕ ಹೋದದ್ದು

ಮನ್ಯಾಗ ಕನ್ನಡ, ಬಜಾರದಾಗ ಮರಾಠಿ, ಜಗಳಕ್ಕ ನಿಂತ್ರ ದಖನಿ ಉರ್ದು ಮಾತಾಡೋ, ಮರಾಠಿ ರಾಜ್ಯಕ್ಕ ಸೇರಿದ ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮ್ಯಾಗ ನಗೋ ಪ್ರಸಂಗ ಹುಡುಕ್ಕೊಂಡು ಹೋಗೋ ಕೆಲಸಿಲ್ಲ. ಅವ ಬಂದು ಕದ ಬಡೀತಾವ.

ನಾ ಮುರುಮದ ಜಂಗಮರ ಮನ್ಯಾಂವ. ಅಪ್ಪನ ಕಾಲದಿಂದ ಮನಿ ಮನಿಗಿ ಹೋಗಿ ಪೂಜಿ ಮಾಡಸೋದು ನಮ್ಮ ಕೆಲಸ. ಈ ಸಲದ ಚುನಾವಣ್ಯಾಗ ನಮ್ಮ ಗಡಿ ಕಡೀಂದ ಒಬ್ಬ ಹೆಣ್ಮಗಳು ಶಾಸಕಿಯಾಗಿ ಆರಿಸಿ ಬಂದ್ರು. ಯೆಣೆಗೂರ ಹತ್ರ ಕುರಿ ಸಾಕೋ ಮನಿತನದವರು, ಬೀರಪ್ಪನ ಭಕ್ತರು. ಕಲ್ತದ್ದು ಮರಾಠಿ ಸಾಲ್ಯಾಗ, ಆದ್ರ ಸಿಟ್ಟು ಬಂದ್ರೂ ನಗು ಬಂದ್ರೂ ಬಾಯಾಗ ಕನ್ನಡನ ಬರ್ತದ.

"ಸ್ವಾಮಿ, ನೀವು ನನ್ನ ಜೋಡಿ ಬರ್ರಿ" ಅಂದ್ರು. "ಮರಾಠಿ ಬರಿಯೋದು ನಿಮಗ ಚೊಲೋ ಬರ್ತದ. ಕನ್ನಡದಾಗ ಬೈದ್ರ ತಿಳೀತದ."

ಹೀಂಗ ನಾ ಅವರ ಸಹಾಯಕ ಆದೆ. ಆಗಿಂದ ನನ್ನ ಬದುಕಿನ್ಯಾಗ ಮಂತ್ರ ಕಡಿಮಿ ಆದವು, ಮಂತ್ರಿಗಳು ಜಾಸ್ತಿ ಆದ್ರು.

ತಾಯಿ ಇದ್ದಾರೇನ್ರಿ?

ಮರಾಠಿಯೊಳಗ ತಾಯಿ ಅಂದ್ರ ಅಕ್ಕ. ಹೆಣ್ಮಕ್ಕಳು ರಾಜಕಾರಣಕ್ಕ ಬಂದ್ರ ಅವರ ವಯಸ್ಸು ಎಷ್ಟೇ ಇರಲಿ, ಎಲ್ಲಾರೂ ಕರಿಯೋದು ಹಂಗ. ನಮ್ಮ ಶಾಸಕಿಯೂ ಗೆದ್ದ ದಿನದಿಂದ ತಾಯಿ ಆಗಿಬಿಟ್ರು.

ಒಂದಿನ ನಿಲಂಗಾ ಕಡೀಂದ ಜೀಪಿನ ತುಂಬ ಮಂದಿ ಅವರ ಊರಿನ ಮನಿಗಿ ಬಂದ್ರು. ಶಾಸಕಿನ್ನ ಪೋಸ್ಟರದಾಗ ಬಿಟ್ರ ಖುದ್ದ ನೋಡಿದವರಲ್ಲ. ನಾವಿಬ್ಬರೂ ಆವಾಗ ಉಮರ್ಗಾದ ಆಫೀಸಿನ್ಯಾಗ ಇದ್ವಿ. ಮನಿ ಮುಂದ ಶಾಸಕಿಯ ಅವ್ವ ಜ್ವಾಳ ಹಸನ ಮಾಡ್ಕೋತ ಕೂತಿದ್ಳು.

"ತಾಯಿ ಇದ್ದಾರೇನ್ರಿ?" ಅಂತ ಕೇಳಿದ್ರು.

"ಇದ್ದೀನಲ್ಲ, ನಾನ ತಾಯಿ. ಬರ್ರಿ, ಕೂಡ್ರಿ" ಅಂದ್ಳು ಮುದುಕಿ.

ಬಂದವರು ಕೂತ್ರು. ಟ್ರಾನ್ಸ್‌ಫಾರ್ಮರ್ ಸುಟ್ಟದ್ದು ಹೇಳಿದ್ರು. "ಸುಟ್ಟಮ್ಯಾಲ ಹೊಸಾದು ಹಾಕಲೇಬೇಕು, ಹಾಕದ ಎಲ್ಲಿ ಹೋಗ್ತಾರ" ಅಂದ್ಳು ಆಕಿ. ಇಬ್ಬರು ಅಣ್ಣತಮ್ಮಂದಿರು ಹೊಲದ ಬದುವಿನ ಜಗಳ ತಗದ್ರು. "ಬದುವಿನ ಮ್ಯಾಲೊಂದು ಬೇವಿನ ಗಿಡ ಹಚ್ಚಿಬಿಡ್ರಿ. ಮುಂಜಾನೆ ನೆರಳು ಒಬ್ಬಂವಗ, ಸಂಜೀಕ ಇನ್ನೊಬ್ಬಂವಗ" ಅಂದು ಎಲ್ಲಾರಿಗೂ ಮಜ್ಜಗಿ ಕೊಟ್ಟು ಕಳಿಸಿದ್ಳು.

ಹೊಳ್ಳಿ ಹೋಗೋ ದಾರ್ಯಾಗ ಅವರು ನಮ್ಮ ಆಫೀಸಿಗಿ ಬಂದ್ರು. ನನ್ನ ಬಾಜೂಕ ಕೂತು ಚಹಾ ಕುಡ್ಯಾಕತ್ತಿದ್ದ ಶಾಸಕಿನ್ನ ಇಲ್ಲಿ ಕೆಲಸ ಮಾಡೋ ಹೆಣ್ಮಗಳಂತ ತಿಳಕೊಂಡ್ರು.

"ನಿಮ್ಮ ತಾಯಿ ಭಾಳ ಚೊಲೋ ಮನಷ್ಯಾಳ್ರೀ" ಅಂದ ಹಿರಿಯಾಂವ. "ಇಷ್ಟು ಲಗೂ ನ್ಯಾಯ ಬಗೆಹರಿಸಿದ ಶಾಸಕರನ್ನ ನಾ ನೋಡಿಲ್ಲ. ಆದ್ರ ಪೋಸ್ಟರದಾಗ ಸಣ್ಣಾಕಿ ಕಾಣ್ತಿದ್ರು, ಖರೇನ ನೋಡಿದ್ರ ಭಾಳ ವಯಸ್ಸಾಗ್ಯಾದ."

ಶಾಸಕಿ ಕಪ್ಪು ಕೆಳಗಿಟ್ಟು ಸಣ್ಣ ದನಿಯಿಂದ ಅಂದ್ರು, "ಏನ್ ಮಾಡೋದ್ರೀ, ಚುನಾವಣಿ ಮನಷ್ಯಾರನ್ನ ಹಂಗ ಮಾಡ್ತದ."

ಹಳದಿ ಗುಂಪು

ಚಳಿಗಾಲದ ಅಧಿವೇಶನ ನಾಗಪುರದಾಗ. ನಮ್ಮ ಊರಿಗಿ ಅದು ಉತ್ತರದ ತುದಿ ಇದ್ದಂಗ. ಹೊರಡೋ ಮುಂಚೆ ತಾಯಿ ಬೀರಪ್ಪನ ಗುಡೀಗಿ ಹೋಗಿ ಒಂದು ಪೊಟ್ಟಣದಾಗ ಭಂಡಾರ, ಅಂದ್ರ ದೇವರ ಅರಿಷಿಣ ಕಟ್ಟಿಕೊಂಡು ಬಂದಿದ್ರು.

ವಿಧಾನಭವನದ ಬಾಗಿಲದಾಗ ಪೊಲೀಸನಾಂವ ಪೊಟ್ಟಣ ಬಿಚ್ಚಿಸಿದ.

"ತಾಯಿ, ಪುಡಿ ಒಳಗ ಬಿಡಂಗಿಲ್ಲ" ಅಂದ.

"ಹಣಿ ಬಿಡ್ತೀರೋ ಇಲ್ಲೋ?"

ಅಂವ ವಿಚಾರ ಮಾಡಿ, "ಹಣಿ ಬಿಡ್ತೀವಿ" ಅಂದ.

ತಾಯಿ ತಮ್ಮ ಹಣಿ ತುಂಬ ಹಚ್ಚಿಕೊಂಡ್ರು. ನನಗ ಹಚ್ಚಿದ್ರು, ಪೊಲೀಸಗೂ ಹಚ್ಚಿದ್ರು. ಇನ್ನೂ ಉಳೀತು. ದೇವರ ಭಂಡಾರ ಕಸಕ್ಕ ಹಾಕಬಾರದಲ್ಲ, ಹಿಂದ ನಿಂತಿದ್ದ ಶಾಸಕರಿಗೆಲ್ಲ ಸಾಲಾಗಿ ಹಚ್ಚಿಕೋತ ಹೋದ್ರು. ಅದರಾಗ ಆ ಪಕ್ಷದವರೂ ಇದ್ರು, ಈ ಪಕ್ಷದವರೂ ಇದ್ರು. ಹೆಣ್ಮಗಳು ದೇವರ ಹೆಸರೀಲೆ ಕೈ ಮುಂದ ಮಾಡಿದಾಗ ಯಾರು ಬ್ಯಾಡ ಅಂತಾರ.

ಮಧ್ಯಾಹ್ನ ಪತ್ರಕರ್ತನೊಬ್ಬ ನನ್ನ ಮೂಲ್ಯಾಗ ಕರದು ಕೇಳಿದ, "ಎಲ್ಲಾ ಪಕ್ಷದೊಳಗಿಂದ ಹಳದಿ ಹಚ್ಚಿಕೊಂಡವರದು ಹೊಸ ಗುಂಪು ಆಗ್ಯಾದಂತ. ನಾಯಕರು ಯಾರು?"

ನಾ "ಬೀರಪ್ಪ" ಅಂದೆ.

ಅಂವ ಬರಕೊಂಡು ಹೋದ. ಸಂಜಿ ಆಗೋದ್ರೊಳಗ ಮೂರ ಮಂದಿ ಶಾಸಕರು ನನ್ನ ಹತ್ರ ಬಂದು ಮೆಲ್ಲಕ ಕೇಳಿದ್ರು, "ಬೀರಪ್ಪಾಜಿ ಭೇಟಿ ಯಾವಾಗ ಆಗಬಹುದು?"

ದೇವಣಿಬಾಯಿ

ದೇವಣಿ ಅಂದ್ರ ನಮ್ಮ ಕಡಿ ಒಂದು ಊರು. ಆ ಊರಿನ ಹೆಸರೀಲೆ ಒಂದು ಆಕಳ ತಳಿನೂ ಅದ. ಬಿಳಿ ಮೈ, ಕರಿ ಚಿಕ್ಕಿ, ಜೋತುಬಿದ್ದ ಕಿವಿ, ಸಮಾಧಾನದ ಸ್ವಭಾವ. ಈಗ ಸಾಕೋರು ಕಡಿಮಿ ಆಗ್ಯಾರ. ತಳಿ ಉಳಿಸಬೇಕಂತ ಮಾತಾಡಲಿಕ್ಕ ತಾಯಿ ಎದ್ದು ನಿಂತ್ರು. ಆದ್ರ ಮನಿ ದನ ನೆನಪಾಗಿ ಆಕಳ ಅನ್ನೋ ಮಾತನ್ನೇ ಮರತ್ರು.

"ನಮ್ಮ ದೇವಣಿ ಹುಟ್ಟಿದಾಗಿಂದ ಮನಿಮಂದಿಗಾಗಿ ಜೀವ ತೇದಾಳ. ಎದುರು ಮಾತಾಡಿದಾಕಿ ಅಲ್ಲ. ಈಗ ಹೊರದೇಶದಾಕಿ ಬಂದು ಆಕಿ ಜಾಗಾದಾಗ ನಿಂತಾಳ. ದೇವಣಿ ಯಾರಿಗೂ ಬ್ಯಾಡಾಗ್ಯಾಳ."

ಬಾಜೂಕ ಕೂತಿದ್ದ ಮುಂಬೈ ಶಾಸಕಿ ಕಣ್ಣು ಒರಸಿಕೊಂಡ್ರು. ಹೊರಗ ಬಂದ ಕೂಡಲೇ ತಾಯಿಯ ಕೈ ಹಿಡಿದು ಅಂದ್ರು, "ಆ ದೇವಣಿಬಾಯಿನ್ನ ನನ್ನ ಹತ್ರ ಕಳಿಸ್ರಿ. ನಮ್ಮದೊಂದು ಆಶ್ರಮ ಅದ, ಮಗಳಂಗ ನೋಡ್ಕೋತೀವಿ. ವಯಸ್ಸೆಷ್ಟು?"

ತಾಯಿಗಿ ಇವರು ದನಾ ಸಾಕ್ತಾರಂತ ಖುಷಿ ಆತು. "ಹಲ್ಲು ನೋಡಿ ಹೇಳಬೇಕಾಗ್ತದ್ರೀ."

ಮುಂಬೈಯವರು ಹಿಡಿದಿದ್ದ ಕೈ ಬಿಟ್ರು. ಆಮ್ಯಾಲ ಸಣ್ಣಕ ಕೇಳಿದ್ರು, "ಗಂಡ?"

"ಅದೇನು ಚಿಂತಿಲ್ಲ" ಅಂದ್ರು ತಾಯಿ. "ಉದಗೀರ ಬಜಾರದಾಗ ಚೊಲೋವು ಸಿಗ್ತಾವ."

ಖಾಲೀ ಬಸಾ

ಯೆಣೆಗೂರ ಹೈವೇ ಮ್ಯಾಲ ಅದ. ಸರ್ಕಾರಿ ಬಸ್ಸು ಬೇಕಾದಷ್ಟು ಹೋಗ್ತಾವ, ನಿಂದರಂಗಿಲ್ಲ. ಉಮರ್ಗಾದ ಕಾಲೇಜಿಗಿ ಹೋಗೋ ಹುಡುಗ್ಯಾರು ಕೈ ಮಾಡಿ ಮಾಡಿ ಸಾಕಾಗಿ ಹೊಳ್ಳಿ ಮನಿಗಿ ಹೋಗ್ತಿದ್ರು. ಕೆಲವರದು ಮನಿಯವರು ಕಾಲೇಜನ್ನೇ ಬಿಡಿಸಿದ್ರು. ಇದು ತಾಯಿಯ ಎದಿಯೊಳಗ ಮುಳ್ಳಿನಂಗ ಇತ್ತು.

ಅಧಿವೇಶನದಾಗ ಈ ವಿಷಯ ತಗದ್ರು. ವೇಳೆ ಮುಗಿದು ಗಂಟಿ ಬಾರಿಸಿದ್ರೂ ಕೂಡಲಿಲ್ಲ. "ನಮ್ಮ ಹುಡುಗ್ಯಾರು ದಿನಾ ನಿಂದಿರ್ತಾರ. ನಾ ಇವತ್ತೊಂದಿನ ನಿಂದಿರ್ತೀನಿ" ಅಂದ್ರು.

ಅಧ್ಯಕ್ಷರು ಸಮಾಧಾನದಿಂದ, "ತಾಯಿ, ಖಾಲೀ ಬಸಾ. ಖಾಲೀ ಬಸಾ" ಅಂದ್ರು. ಮರಾಠಿಯೊಳಗ ಹಂಗಂದ್ರ ಕೆಳಗ ಕೂಡ್ರಿ ಅಂತ. ತಾಯಿ ಕೂತ್ರು. ಹೊರಗ ಬಂದ ಮ್ಯಾಲ, "ಸ್ವಾಮಿ, ಏನೂ ಆಗಲಿಲ್ಲ" ಅಂದು ಮುಖ ಆ ಕಡಿ ಮಾಡಿದ್ರು.

ಆದದ್ದು ಊರಾಗ. ಯೆಣೆಗೂರದಾಗ ಢಾಬಾ ನಡಸೋ ಹೆಣ್ಮಗಳ ಮನಿಗಿ ಆಕಿ ಅವ್ವ ಕಲಬುರಗಿ ಕಡೀಂದ ಬಂದಿದ್ಳು. ಮರಾಠಿ ಒಂದಕ್ಷರ ಬರಂಗಿಲ್ಲ. ಮಗಳು ಒಲಿ ಮುಂದ, ಮುದುಕಿ ಅಧಿವೇಶನ ತೋರಿಸೋ ಟೀವಿ ಮುಂದ.

"ಕೇಳ್ರೆವ್ವಾ, ನಿಮ್ಮ ಶಾಸಕಿ ಗೆದ್ದಳು" ಅಂತ ಮುದುಕಿ ಒಳಗ ಬಂದು ಹೇಳಿದ್ಳು. "ದೊಡ್ಡ ಕುರ್ಚಿ ಮ್ಯಾಲಿನ ಸಾಹೇಬ್ರು ಖಾಲಿ ಬಸ್ ಕೊಟ್ರು. ಎರಡೆರಡು ಸಲ ಹೇಳಿದ್ರು."

ಸುದ್ದಿ ಊರ ತುಂಬ ಹರಡಿತು. ಮರಾಠಿ ಬಂದವರು ಯಾರೂ ಅದನ್ನ ಕಿವೀಲೆ ಕೇಳಿರಲಿಲ್ಲ, ಹಿಂಗಾಗಿ ಎಲ್ಲಾರೂ ನಂಬಿದ್ರು. ಮರುದಿನ ಮುಂಜಾನೆ ಹೆಣ್ಮಕ್ಕಳು ಹೂವು, ಕಾಯಿ, ಆರತಿ ತಗೊಂಡು ರಸ್ತೆಕ್ಕ ಬಂದ್ರು. ಹುಡುಗ್ಯಾರು ಪುಸ್ತಕ ಹಿಡಕೊಂಡು ನಿಂತ್ರು.

ಆವಾಗ ಒಂದು ಬಸ್ಸು ಬಂತು. ಆರತಿ ನೋಡಿ ಡ್ರೈವರ್ ಬ್ರೇಕ್ ಹಾಕಿದ. "ಅವ್ವಾರ, ಇದು ರಿಪೇರಿ ಆಗಿ ಡಿಪೋಕ್ಕ ಹೊಂಟದ. ಯಾರೂ ಹತ್ತಂಗಿಲ್ಲ, ಖಾಲಿ ಬಸ್ಸು" ಅಂದ.

"ಹಾಂ, ಇದ ಅದು" ಅಂದ್ಳು ಕಲಬುರಗಿ ಮುದುಕಿ. "ಹತ್ರಿ."

ಹುಡುಗ್ಯಾರು ಹತ್ತಿದ್ರು. ಡ್ರೈವರ್ ಡಿಪೋ ಸಾಹೇಬರಿಗಿ ಫೋನ್ ಹಚ್ಚಿದ. "ವಿಧಾನಸಭಾದಾಗ ಆದೇಶ ಆಗ್ಯಾದಂತ ಸಾಹೇಬ."

"ಯಾರು ಮಾಡಿದ್ರು?"

"ಖುದ್ದ ಅಧ್ಯಕ್ಷರಂತ."

ಆ ಕಡೀಂದ ಉಸಿರು ಬಿಟ್ಟ ಸಪ್ಪಳ ಬಂತು. "ಕರಕೊಂಡು ಬಾ. ನಾಳಿನೂ ಅದೇ ವ್ಯಾಳ್ಯಾಕ್ಕ ಹೋಗು."

ಹಂಗ ಆ ಬಸ್ಸು ದಿನಾ ಬರಲಿಕ್ಕ ಚಾಲೂ ಆತು. ನಾಗಪುರದಾಗ ನಮಗ ಇದರ ಗಾಳಿನೂ ಸುಳೀಲಿಲ್ಲ. ಅಧಿವೇಶನ ಮುಗಿಯೋ ಮುಂಚೆ ತಾಯಿ ಇನ್ನೊಮ್ಮೆ ಅದೇ ವಿಷಯಕ್ಕ ಎದ್ರು. ಮಂತ್ರಿಗಳು ಕೈಯಾಗಿನ ಹಾಳಿ ನೋಡಿ, "ಮಾನ್ಯ ಸದಸ್ಯರು ಕೇಳಿದ ಬಸ್ಸು ಆಗಲೇ ಓಡ್ಲಿಕ್ಕತ್ತದ" ಅಂದ್ರು.

ತಾಯಿ ನನ್ನ ಕಡಿ ನೋಡಿದ್ರು. ನಾ ಮ್ಯಾಲಿನ ಗ್ಯಾಲರಿಯಿಂದ ನನಗ ಗೊತ್ತಿಲ್ಲಂತ ಕೈ ಅಲ್ಲಾಡಿಸಿದೆ.

"ಯಾರ ಆದೇಶದಿಂದ?" ಅಂತ ಕೇಳಿದ್ರು ತಾಯಿ.

ಮಂತ್ರಿಗಳು ಹಿಂದ ಹೊಳ್ಳಿ ಅಧಿಕಾರಿಗಳನ್ನ ನೋಡಿದ್ರು. ಅಧಿಕಾರಿಗಳು ಫೈಲು ತಿರುವಿ ಹಾಕಿದ್ರು. ಅಧ್ಯಕ್ಷರು ನಕ್ಕು, "ಬಸ್ಸು ಬಂತಲ್ಲ. ಇನ್ನ ಖಾಲೀ ಬಸಾ, ತಾಯಿ" ಅಂದ್ರು.

ಯೆಣೆಗೂರದಾಗ ಟೀವಿ ಮುಂದ ಕೂತಿದ್ದ ಕಲಬುರಗಿ ಮುದುಕಿ ಚಹಾದ ಬಸಿ ಕೆಳಗಿಟ್ಟು ಮಗಳನ್ನ ಕರದ್ಳಂತ.

"ಆರತಿ ತಯಾರ ಮಾಡು. ಇನ್ನೊಂದು ಕೊಟ್ರು. ಇದು ಸಂಜೀದು."